ಅಚ್ಚೊತ್ತಿದ ವೇಗ, ಓಡಿಸಿದ ವೇಗ

ಸೋಮವಾರ ಇಲ್ಲವೆ ಗುರುವಾರ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋದವರಿಗೆ ಮೊದಲು ತಟ್ಟುವುದು ಘಾಟು, ಆಮೇಲೆ ಕಣ್ಣಿಗೆ ಬೀಳುವುದು ಬಣ್ಣ. ಸುಗ್ಗಿಯ ಕಾಲದಲ್ಲಿ ಒಂದೇ ದಿನಕ್ಕೆ ಲಕ್ಷ ಮೀರಿ ಚೀಲಗಳು ಬಂದು ಬೀಳುವುದುಂಟು. ಒಂದೇ ಹೊಲ, ಒಂದೇ ಬೀಜ, ಒಂದೇ ಮಳೆ. ಆದರೂ ಒಣಗಿದ ಮೇಲೆ ಕಾಯಿ ಕಾಯಿಗೂ ವ್ಯತ್ಯಾಸ. ಬಣ್ಣ ತುಂಬಿದ್ದು ಒಂದು ರಾಶಿ, ಮಾಸಿದ್ದು ಇನ್ನೊಂದು. ಡಬ್ಬಿಗೆ ಒಂದು ದರ, ಕಡ್ಡಿಗೆ ಒಂದು ದರ. ಇಲ್ಲಿಯ ವ್ಯಾಪಾರವೆಲ್ಲ ನಿಂತಿರುವುದು ಈ ವಿಂಗಡಣೆಯ ಮೇಲೆ.

ಕಂಪ್ಯೂಟರಿನ ಮಿದುಳೆನಿಸಿದ ಪ್ರೊಸೆಸರ್ ಮಾರಾಟವಾಗುವುದೂ ಬಹುಮಟ್ಟಿಗೆ ಹೀಗೆಯೇ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಒಂದೇ ಸಿಲಿಕಾನ್ ಬಿಲ್ಲೆಯಿಂದ ನೂರಾರು ಚಿಪ್‌ಗಳನ್ನು ಕತ್ತರಿಸುತ್ತಾರೆ. ನಕ್ಷೆ ಒಂದೇ ಆದರೂ ಎಲ್ಲವೂ ಸಮನಾಗಿ ಹುಟ್ಟುವುದಿಲ್ಲ. ಒಂದೊಂದನ್ನೂ ಪರೀಕ್ಷಿಸಿ, ತಾಳಬಲ್ಲ ವೇಗಕ್ಕೆ ತಕ್ಕಂತೆ ಬೇರ್ಪಡಿಸಿ, ಮೈಮೇಲೆ ಒಂದು ಅಂಕಿ ಒತ್ತುತ್ತಾರೆ. ಆ ಅಂಕಿ ನಿಸರ್ಗ ಹಾಕಿದ ಗಡಿಯಲ್ಲ, ಕಾರ್ಖಾನೆ ಕೊಟ್ಟ ಮಾತು. ಮಾತು ತಪ್ಪಬಾರದೆಂದು ಕಾರ್ಖಾನೆ ಯಾವಾಗಲೂ ಸ್ವಲ್ಪ ಕೈ ಹಿಡಿದೇ ಒತ್ತುತ್ತದೆ. ಅಗ್ಗದ ಮಾಲಿಗೆ ಬೇಡಿಕೆ ಹೆಚ್ಚಿದ್ದಾಗ ಒಳ್ಳೆಯ ಚಿಪ್‌ಗೂ ಕಡಿಮೆ ಅಂಕಿಯನ್ನೇ ಒತ್ತಿ ಕಳಿಸುವುದುಂಟು. ಹೀಗೆ ಉಳಿದ ಅಂತರವನ್ನು ಕೊಂಡವರೇ ಬಳಸಿಕೊಳ್ಳುವ ವಿದ್ಯೆಗೆ ಓವರ್‌ಕ್ಲಾಕಿಂಗ್ ಎಂದು ಹೆಸರು.

ಪ್ರೊಸೆಸರ್ ಕೆಲಸ ಮಾಡುವುದು ತಾಳಕ್ಕೆ. ಒಂದೊಂದು ಮಿಡಿತಕ್ಕೆ ಒಂದೊಂದು ಹೆಜ್ಜೆ. ಸೆಕೆಂಡಿಗೆ ಹತ್ತು ಲಕ್ಷ ಮಿಡಿತವಾದರೆ ಒಂದು ಮೆಗಾಹರ್ಟ್ಸ್, ನೂರು ಕೋಟಿಯಾದರೆ ಒಂದು ಗಿಗಾಹರ್ಟ್ಸ್. ಮುಂದಿನ ಮಿಡಿತ ಬರುವುದರೊಳಗೆ ಒಳಗಿನ ಸಂಕೇತಗಳೆಲ್ಲ ತಮ್ಮ ಜಾಗ ಸೇರಿರಬೇಕು; ಒಂದು ತಡವಾದರೂ ಲೆಕ್ಕ ತಪ್ಪುತ್ತದೆ. ವೋಲ್ಟೇಜು ಏರಿಸಿದರೆ ಸಂಕೇತ ಚುರುಕಾಗುತ್ತದೆ, ನಿಜ. ಆದರೆ ಹುಟ್ಟುವ ಶಾಖ ವೋಲ್ಟೇಜಿನ ವರ್ಗದಂತೆ ಏರುತ್ತದೆ. ವೇಗ ಅಷ್ಟೇ ಇದ್ದರೂ ಶೇಕಡ 10ರಷ್ಟು ವೋಲ್ಟೇಜು ಹೆಚ್ಚಿಸಿದರೆ ಶಾಖ ಶೇಕಡ 21ರಷ್ಟು ಹೆಚ್ಚು.

ಈ ಆಟ ಕಂಪ್ಯೂಟರಿನಷ್ಟೇ ಹಳೆಯದೆನ್ನಬೇಕು. 1984ರಲ್ಲಿ ಐಬಿಎಂ ಕಂಪನಿ ಬಿಡುಗಡೆ ಮಾಡಿದ ‘ಪಿಸಿ ಎಟಿ’ ಯಂತ್ರ 6 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ತಾಳ ಹಾಕುತ್ತಿದ್ದದ್ದು 12 ಮೆಗಾಹರ್ಟ್ಸ್‌ನ ಒಂದು ಸ್ಫಟಿಕದ ಹರಳು. ಅದರ ಅರ್ಧ ಆರು. ಆ ಹರಳನ್ನು ಕಿತ್ತು ಕೆಲವೇ ಡಾಲರಿನ 16ರ ಹರಳು ಕೂರಿಸಿದರೆ ಯಂತ್ರ 8ಕ್ಕೆ ಏರುತ್ತಿತ್ತು. ಕಂಪನಿಗೆ ಇದು ಹಿಡಿಸಲಿಲ್ಲ. 1985ರ ಕೊನೆಯ ಹೊತ್ತಿಗೆ, ವೇಗ ಹೆಚ್ಚಿದ್ದರೆ ಯಂತ್ರ ಏಳದಂತೆ ಒಳಗೇ ಒಂದು ಕಾವಲು ಇಟ್ಟಿತು. ಮರುವರ್ಷ 8 ಮೆಗಾಹರ್ಟ್ಸ್‌ನ ಯಂತ್ರವನ್ನು ತಾನೇ ಮಾರಿತು!

ತೊಂಬತ್ತರ ದಶಕದಲ್ಲಿ ಹವ್ಯಾಸದ ಪಕ್ಕದಲ್ಲಿಯೇ ಮೋಸವೂ ಬೆಳೆಯಿತು. ಕಡಿಮೆ ವೇಗದ ಪೆಂಟಿಯಂ ಚಿಪ್‌ನ ಮೇಲಿನ ಅಂಕಿಯನ್ನು ಉಜ್ಜಿ ತೆಗೆದು, ಹೆಚ್ಚಿನ ಅಂಕಿ ಒತ್ತಿ ಮಾರುವ ಜಾಲಗಳು ಹಲವು ದೇಶಗಳಲ್ಲಿ ತಲೆಯೆತ್ತಿದವು. ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರನ್ನೇ ಜನ ಹೆಚ್ಚು ಕೊಳ್ಳುತ್ತಿದ್ದ ಕಾಲ ಅದು. ಚಿಪ್ ಕೂಲಿಂಗ್ ಫ್ಯಾನಿನ ಅಡಿಯಲ್ಲಿ ಅಡಗಿರುವುದರಿಂದ ಅಂಕಿ ನೋಡುವವರು ಯಾರು? ಬಣ್ಣ ಬೆರೆಸಿದ ಕಾರದಪುಡಿಯ ಕಥೆಯೇ ಇದು. ತಿಳಿದು ಓಡಿಸಿದರೆ ಹವ್ಯಾಸ, ತಿಳಿಸದೆ ಮಾರಿದರೆ ವಂಚನೆ. ಯಂತ್ರಕ್ಕೆ ಮಾತ್ರ ಎರಡೂ ಒಂದೇ. ಈ ಕಳ್ಳದಂಧೆ ತಡೆಯಲು ಇಂಟೆಲ್ ಕಂಪನಿ ಆ ದಶಕದಲ್ಲಿ ತನ್ನ ಚಿಪ್‌ಗಳ ವೇಗದ ಗುಣಕಕ್ಕೆ ಬೀಗ ಹಾಕಿತು.

ಹವ್ಯಾಸಿಗಳು ಬೀಗವನ್ನು ಸುತ್ತಿಕೊಂಡು ಹೋದರು. 1998ರಲ್ಲಿ ಬಂದ ‘ಸೆಲೆರಾನ್ 300ಎ’ ಈ ಮಂದಿಯ ನಡುವೆ ಇಂದಿಗೂ ದಂತಕಥೆ. 66ರ ತಾಳವನ್ನು ನಾಲ್ಕೂವರೆಯಿಂದ ಗುಣಿಸಿ 300 ಮೆಗಾಹರ್ಟ್ಸ್ ಮುಟ್ಟುತ್ತಿದ್ದ ಅಗ್ಗದ ಚಿಪ್ ಅದು. ಗುಣಕಕ್ಕೆ ಬೀಗವಿದ್ದರೇನು, ತಾಳವನ್ನೇ 100ಕ್ಕೆ ಏರಿಸಿದರೆ 450 ಆಯಿತು. ಎಲ್ಲವೂ ಅಲ್ಲದಿದ್ದರೂ ಬಹಳಷ್ಟು ಚಿಪ್‌ಗಳು ಆ ವೇಗವನ್ನು ತಾಳಿಕೊಂಡವು.

ತಾಳಿಕೊಂಡವು ಎಂದು ಹೇಳುವುದು ಹೇಗೆ? ಕಸುಬಿನ ಕಷ್ಟವೆಲ್ಲ ಇರುವುದು ಇಲ್ಲಿ. ಯಂತ್ರ ಎದ್ದು ನಿಂತಿತು, ಪರದೆ ಬೆಳಗಿತು ಎಂದ ಮಾತ್ರಕ್ಕೆ ಸ್ಥಿರವಾಗಿದೆ ಎನ್ನಲಾಗದು. ಬಿದ್ದುಹೋಗುವ ಯಂತ್ರ ತನ್ನ ರೋಗವನ್ನು ತಾನೇ ಸಾರುತ್ತದೆ. ಬೀಳದೆ, ಸದ್ದಿಲ್ಲದೆ ಕೋಟಿಗೊಂದು ಲೆಕ್ಕ ತಪ್ಪುವ ಯಂತ್ರವನ್ನು ಹಿಡಿಯುವುದು ಕಷ್ಟ. ಇದಕ್ಕೆ ಉತ್ತರ ಮೊದಲೇ ಗೊತ್ತಿರುವ ಭಾರಿ ಲೆಕ್ಕ ಬೇಕು. 1995ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಯಸುಮಸ ಕನಡ ಅವರ ಬಳಗ ‘ಪೈ’ ಸಂಖ್ಯೆಯನ್ನು 400 ಕೋಟಿಗೂ ಹೆಚ್ಚು ಅಂಕಿಗಳವರೆಗೆ ಲೆಕ್ಕ ಹಾಕಿತ್ತು. (ಅವರ ಹೆಸರಿಗೂ ನಮ್ಮ ನುಡಿಗೂ ನಂಟಿಲ್ಲ.) ಅವರ ‘ಸೂಪರ್ ಪೈ’ ಎಂಬ ಪ್ರೋಗ್ರಾಂ ಮನೆಮನೆಯ ಕಂಪ್ಯೂಟರಿಗೂ ಬಂತು. ಇನ್ನೂ ಕಠಿಣವಾದದ್ದು ‘ಪ್ರೈಮ್95’. 1996ರಲ್ಲಿ ಅಮೆರಿಕದ ಜಾರ್ಜ್ ವೋಲ್ಟ್‌ಮನ್ ಇದನ್ನು ರಚಿಸಿದ್ದು ಯಂತ್ರ ಪರೀಕ್ಷೆಗಲ್ಲ, ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಗಳ ಬೇಟೆಗೆ. ವಾರಗಟ್ಟಲೆ ನಡೆಯುವ ಲೆಕ್ಕದಲ್ಲಿ ಒಂದು ಅಂಕಿ ಜಾರಿದರೂ ಶ್ರಮವೆಲ್ಲ ನೀರುಪಾಲು. ಆದ್ದರಿಂದ ಅದು ನಡುನಡುವೆ ತನ್ನನ್ನೇ ತಾಳೆ ನೋಡಿಕೊಳ್ಳುತ್ತದೆ. ಅದರೊಳಗಿನ ‘ಚಿತ್ರಹಿಂಸೆ ಪರೀಕ್ಷೆ’ಯನ್ನು ಓವರ್‌ಕ್ಲಾಕಿಂಗ್ ಮಂದಿ ಒರೆಗಲ್ಲು ಮಾಡಿಕೊಂಡರು. ಆ ಬೇಟೆಗಾರರೋ ಅಷ್ಟಕ್ಕೂ ನಂಬದೆ, ಒಬ್ಬರ ಯಂತ್ರದ ಉತ್ತರವನ್ನು ಬಹುಕಾಲ ಇನ್ನೊಬ್ಬರ ಯಂತ್ರದಲ್ಲಿ ಮತ್ತೊಮ್ಮೆ ಮಾಡಿಸಿಯೇ ಒಪ್ಪುತ್ತಿದ್ದರು.

ಇಂಥ ಪರೀಕ್ಷೆಯ ಮಿತಿಯನ್ನು ರಾಣೆಬೆನ್ನೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬೀಜೋತ್ಪಾದನೆಗೆ ಹೆಸರಾದ ತಾಲ್ಲೂಕು ಅದು. ಪ್ರಯೋಗಾಲಯದಲ್ಲಿ 400 ಬೀಜ ಇಟ್ಟು ಮೊಳಕೆ ಎಣಿಸುತ್ತಾರೆ. ಮೆಣಸಿನಕಾಯಿಯ ಪ್ರಮಾಣಿತ ಬೀಜವಾದರೆ ಕನಿಷ್ಠ ಶೇಕಡ 60 ಮೊಳೆಯಬೇಕು. ಅದು ಆ ಕೋಣೆಯ ಹದಕ್ಕೆ ಸಿಕ್ಕ ಫಲ. ಹೊಲದ ತೇವ, ಈ ವರ್ಷದ ಮಳೆ ಬೇರೆಯೇ. ಹಾಗೆಯೇ ಜನವರಿಯ ರಾತ್ರಿ ಇಪ್ಪತ್ತನಾಲ್ಕು ತಾಸು ತಪ್ಪದೆ ಓಡಿದ ಪ್ರೊಸೆಸರ್, ಏಪ್ರಿಲ್ ಮಧ್ಯಾಹ್ನ ಫ್ಯಾನಿನಲ್ಲಿ ದೂಳು ಕಟ್ಟಿದಾಗಲೂ ಓಡೀತೆಂದು ಯಾವ ಪರೀಕ್ಷೆಯೂ ಬರೆದುಕೊಡುವುದಿಲ್ಲ. ತಪ್ಪಿದೆ ಎಂಬುದನ್ನು ಪರೀಕ್ಷೆ ತೋರಿಸಬಲ್ಲದು. ಎಂದೂ ತಪ್ಪದು ಎಂಬುದನ್ನಲ್ಲ.

ಸುಳ್ಳು ಲೆಕ್ಕದಿಂದ ಬೇರೆಯವರ ಬದುಕಿಗೆ ಪೆಟ್ಟು ಬೀಳುವ ಕಡೆ ಈ ಆಟ ಸಲ್ಲದು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಹಾವೇರಿಯ ತಾಲ್ಲೂಕು ಕಚೇರಿಯಲ್ಲಿ ಯಂತ್ರ ಅರ್ಧ ನಿಮಿಷ ತಡಮಾಡಿದರೆ ಸಾಲಿನಲ್ಲಿ ನಿಂತ ರೈತರು ಗೊಣಗಬಹುದು, ಅಷ್ಟೆ. ಎಕರೆ-ಗುಂಟೆಯ ಅಂಕಿಯೊಂದು ಬದಲಾದರೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ದೊಡ್ಡ ಲೆಕ್ಕದ ಸರ್ವರ್ ಯಂತ್ರಗಳ ಚಿಪ್ ಮಾಡುವವರೂ ಇದನ್ನು ಬಲ್ಲರು. 2008ರಲ್ಲಿ ಇಂಟೆಲ್ ಹೊರತಂದ, ಅದರ ಬೆಂಗಳೂರು ಕೇಂದ್ರದಲ್ಲಿ ವಿನ್ಯಾಸಗೊಂಡ ಆರು ತಿರುಳುಗಳ ಜಿಯಾನ್ 7400 ಸರಣಿಯ ಅತಿ ವೇಗ 2.66 ಗಿಗಾಹರ್ಟ್ಸ್. ಅದೇ ವರ್ಷ ಮನೆಬಳಕೆಯ ಎರಡು ತಿರುಳಿನ ಚಿಪ್ 3.33 ಮುಟ್ಟಿತ್ತು. 190 ಕೋಟಿ ಟ್ರಾನ್ಸಿಸ್ಟರುಗಳ ಶಾಖವನ್ನು ಹಗಲಿರುಳು ಅಂಕೆಯಲ್ಲಿಡಬೇಕಾದ ಚಿಪ್‌ಗೆ ನಿಧಾನವೇ ಲೇಸೆನಿಸಿತು.

ಮುಂದೆ ಆದದ್ದು ವಿಚಿತ್ರ. ಪೈಪೋಟಿಯ ಬಿಸಿಯಲ್ಲಿ ಕಾರ್ಖಾನೆಗಳೇ ಕೈ ಸಡಿಲಿಸಿದವು. ಹವ್ಯಾಸಿಗಳಿಗೆ ಸಿಗುತ್ತಿದ್ದ ಅಂತರವನ್ನು ಅವೇ ಬಳಸಿ ದೊಡ್ಡ ಅಂಕಿ ಒತ್ತತೊಡಗಿದವು. 2022 ಮತ್ತು 2023ರಲ್ಲಿ ಬಂದ ಇಂಟೆಲ್‌ನ ಹದಿಮೂರು, ಹದಿನಾಲ್ಕನೆಯ ಪೀಳಿಗೆಯ ಮೇಲ್ದರ್ಜೆಯ ಚಿಪ್‌ಗಳು 6 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿ ಓಡಿದವು. ತಿಂಗಳುಗಟ್ಟಲೆ ಚೆನ್ನಾಗಿ ನಡೆದ ಯಂತ್ರಗಳು ಆಮೇಲೆ ಬೀಳತೊಡಗಿದವು. ವೇಗ ಏರಿಸದವರ ಮನೆಯಲ್ಲೂ ಹೀಗೇ ಆಯಿತು. ಚಿಪ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜು ಕೇಳಿ ಪಡೆಯುತ್ತಿತ್ತು, ಅದರಿಂದ ತಾಳ ಹಂಚುವ ಮಂಡಲವೇ ಸವೆಯುತ್ತಿತ್ತು ಎಂದು ಕಂಪನಿ 2024ರಲ್ಲಿ ಒಪ್ಪಿಕೊಂಡಿತು. ಅದೇ ವರ್ಷದ ಆಗಸ್ಟ್‌ನಿಂದ ತಿದ್ದುಪಡಿಗಳನ್ನು ಹೊರಡಿಸಿ, ವಾರಂಟಿಗೆ ಎರಡು ವರ್ಷ ಸೇರಿಸಿತು. ತಿದ್ದುಪಡಿ ಮುಂದಿನ ಸವೆತವನ್ನು ತಡೆಯುವುದಕ್ಕಷ್ಟೇ. ಆಗಲೇ ಸವೆದ ಚಿಪ್‌ಗಳಿಗೆ ಅದರಿಂದ ಉಪಯೋಗವಿರಲಿಲ್ಲ. ಅವುಗಳನ್ನು ಬದಲಿಸಿಯೇ ಕೊಡಬೇಕಾಯಿತು.