ಪೊರೆ ತೆಗೆದ ಮೇಲೆ: ಭಾರತದಲ್ಲಿ ಕಣ್ಣಿನ ಪೊರೆಯ ಚಿಕಿತ್ಸೆ ಮತ್ತು ಅದರ ಫಲಿತಾಂಶದ ಲೆಕ್ಕ

ಕಣ್ಣಿನ ಪೊರೆಯ ಚಿಕಿತ್ಸೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಸುಶ್ರುತನಿಂದ ಹೊರಟು ಲೇಸರ್ ಯಂತ್ರದವರೆಗೆ ನೇರ ಗೆರೆ ಎಳೆದುಬಿಡುತ್ತಾರೆ. ಆ ಗೆರೆಯ ಮೇಲೆ ಉಪಕರಣಗಳೂ ವೈದ್ಯರೂ ಕಾಣುತ್ತಾರೆ. ರೋಗಿ ಮಾತ್ರ ಪಟ್ಟಿ ಕಟ್ಟಿಸಿಕೊಂಡು ಹೊರಟವನು ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದ ಮೇಲೆ ಅವನಿಗೆ ಎಷ್ಟು ಕಾಣುತ್ತಿತ್ತು? ಈ ಪ್ರಶ್ನೆಯನ್ನು ಯಾರು, ಯಾವಾಗ ಕೇಳಿದರು ಎಂಬುದನ್ನು ಹಿಡಿದು ಹೊರಟರೆ ಬೇರೆಯದೇ ಚರಿತ್ರೆ ಸಿಗುತ್ತದೆ.

ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಲಿಂಗನಾಶದ, ಅಂದರೆ ಪೊರೆಯ, ಚಿಕಿತ್ಸೆಯ ವಿವರವಿದೆ. ಯವದ ಮೊನೆಯಂಥ ತುದಿಯಿರುವ ಶಲಾಕೆಯಿಂದ, ರಕ್ತನಾಳಗಳನ್ನು ತಪ್ಪಿಸಿ, ಕಣ್ಣಿನ ಬಿಳಿಭಾಗದ ಪಕ್ಕದಲ್ಲಿ ಚುಚ್ಚಬೇಕು. ಎಡಗಣ್ಣಿಗೆ ಬಲಗೈ, ಬಲಗಣ್ಣಿಗೆ ಎಡಗೈ. ಸರಿಯಾದ ಜಾಗಕ್ಕೆ ಚುಚ್ಚಿದರೆ ಒಂದು ಸದ್ದಾಗಿ ನೀರಿನ ಹನಿ ಹೊರಬರುತ್ತದೆ. ಆಮೇಲೆ ಎದೆಹಾಲಿನ ಸೇಚನ. ಇನ್ನೊಂದು ಬದಿಯ ಮೂಗಿನ ಹೊಳ್ಳೆ ಮುಚ್ಚಿ ರೋಗಿ ಜೋರಾಗಿ ಉಸಿರು ಬಿಟ್ಟು ಕಫ ತೆಗೆಯಬೇಕು. ಇದು ಮಸೂರವನ್ನು ಒಳಕ್ಕೆ ತಳ್ಳುವ ವಿಧಾನವೋ, ದ್ರವವನ್ನು ಹೊರಹಾಕುವ ವಿಧಾನವೋ ಎಂದು ವಿದ್ವಾಂಸರು ಚರ್ಚಿಸಿದ್ದಾರೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅದರ ಮುಂದಿನ ಭಾಗ: ತುಪ್ಪ ಸವರಿ ಕಣ್ಣು ಕಟ್ಟಬೇಕು, ಅಂಗಾತ ಮಲಗಿಸಬೇಕು; ಸೀನು, ಕೆಮ್ಮು, ತೇಗು, ಉಗುಳುವುದು ಯಾವುದೂ ಕೂಡದು; ಮೂರು ದಿನಕ್ಕೊಮ್ಮೆ ಪಟ್ಟಿ ಬಿಚ್ಚಿ ನೋಡಬೇಕು, ಹತ್ತು ದಿನ ಪಥ್ಯ. ರೋಗಿಯನ್ನು ದಿನಗಟ್ಟಲೆ ಬಳಿಯಲ್ಲಿಟ್ಟುಕೊಂಡ ವೈದ್ಯ ಮಾತ್ರ ಬರೆಯಬಲ್ಲ ಸೂಚನೆಗಳಿವು.

ನಂತರದ ಶತಮಾನಗಳಲ್ಲಿ ಸಂಚಾರಿ ವೈದ್ಯರ ಕೈಗೆ ಹೋದ ವಿದ್ಯೆಯಲ್ಲಿ ಸೂಜಿ ಉಳಿಯಿತು, ಈ ಶುಶ್ರೂಷೆ ಉಳಿಯಲಿಲ್ಲ. ಮಂಜಾದ ಮಸೂರವನ್ನು ಕಣ್ಣೊಳಗೇ ಹಿಂದಕ್ಕೆ ಬೀಳಿಸಿದರೆ ಬೆಳಕಿನ ದಾರಿ ತಕ್ಷಣ ತೆರೆಯುತ್ತದೆ. ಬೆರಳು ತೋರಿಸಿ ಎಷ್ಟು ಎಂದು ಕೇಳಿದರೆ ಮುದುಕಪ್ಪ ಸರಿಯಾಗಿ ಎಣಿಸುತ್ತಾನೆ, ಮನೆಯವರು ಕೈಮುಗಿದು ಹಣ ಕೊಡುತ್ತಾರೆ, ವೈದ್ಯ ಮುಂದಿನ ಊರಿಗೆ ಹೋಗುತ್ತಾನೆ. ಸೋಂಕು, ಒಳಗಿನ ಉರಿಯೂತ, ಏರುವ ಒತ್ತಡದಿಂದ ನರ ಸಾಯುವ ಗ್ಲಾಕೋಮಾ ಇವೆಲ್ಲ ಅವನು ಊರು ಬಿಟ್ಟ ಮೇಲೆ ಬರುವಂಥವು. ಮದ್ರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥನಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ನೋಡಿದ್ದು ಈ ಎರಡನೆಯ ಹಂತವನ್ನು. ಹೀಗೆ ಕೆಟ್ಟು ಬಂದ ಕಣ್ಣುಗಳನ್ನು ಅವನು ದಾಖಲಿಸಿ, ತೆಗೆದ ಕಣ್ಣುಗುಡ್ಡೆಗಳನ್ನು ಸೀಳಿ ಪರೀಕ್ಷಿಸಿ, 1917ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟ. ಅವನ ಬರಹದಲ್ಲಿ ವಸಾಹತು ವೈದ್ಯನ ತಿರಸ್ಕಾರ ಧಾರಾಳವಾಗಿದೆ. ಚೆನ್ನಾಗಿ ಕಾಣುತ್ತಿದ್ದವರು ಆಸ್ಪತ್ರೆಗೆ ಬರುವ ಕಾರಣವೇ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ಆದರೂ ಶಸ್ತ್ರಚಿಕಿತ್ಸೆಯ ಗಳಿಗೆಯನ್ನು ಬಿಟ್ಟು ಅದರ ಪರಿಣಾಮವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೊದಮೊದಲ ವ್ಯವಸ್ಥಿತ ಅಧ್ಯಯನಗಳಲ್ಲಿ ಅದೂ ಒಂದು.

ಯುರೋಪಿನಲ್ಲಿ ಅಷ್ಟರೊಳಗೆ ದಾರಿ ಬದಲಾಗಿತ್ತು. 1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಮಸೂರವನ್ನು ತಳ್ಳುವ ಬದಲು ಕಾರ್ನಿಯಾ ಕೊಯ್ದು ಹೊರತೆಗೆದ. 1884ರಲ್ಲಿ ಕಾರ್ಲ್ ಕೊಲರ್ ಕೊಕೇನ್ ಹನಿಯಿಂದ ಕಣ್ಣನ್ನು ಮರಗಟ್ಟಿಸಿ ತೋರಿಸಿದ. ದಾವಿಯೆಲ್‌ನ ವಿಧಾನದಲ್ಲಿ ಮಸೂರದ ಕೋಶ ಒಳಗೇ ಉಳಿಯುತ್ತಿತ್ತು. ಬಲಿಯದ ಪೊರೆಯಾದರೆ ಅಂಟಂಟಾದ ಚೂರುಗಳೂ ಉಳಿದು ಉರಿಯೂತ ತರುತ್ತಿದ್ದವು. ‘ಪೊರೆ ಇನ್ನೂ ಬಲಿತಿಲ್ಲ, ಮುಂದಿನ ವರ್ಷ ಬನ್ನಿ’ ಎಂದು ನಮ್ಮ ಹಿರಿಯರನ್ನು ಆಸ್ಪತ್ರೆಯಿಂದ ವಾಪಸು ಕಳಿಸುತ್ತಿದ್ದುದರ ಹಿಂದಿನ ಕಾರಣ ಇದು. ಬಲಿತಿದೆಯೇ ಎಂದು ತಿಳಿಯಲು ಒಂದು ಟಾರ್ಚ್ ಸಾಕಿತ್ತು. ಓರೆಯಾಗಿ ಬೆಳಕು ಬಿಟ್ಟಾಗ ಕಣ್ಣಿನ ಕರಿಯ ಪರದೆಯ ಅಂಚು ಮಸೂರದ ಮೇಲೆ ಬಾಲಚಂದ್ರನಂಥ ನೆರಳು ಬೀಳಿಸಿದರೆ ಪೊರೆ ಎಳೆಯದು. ನೆರಳಿಲ್ಲದೆ ಪಾಪೆಯೆಲ್ಲ ಬೆಳ್ಳಗಿದ್ದರೆ ಬಲಿತದ್ದು. ನಾಲ್ಕು ದಿಕ್ಕಿನಿಂದ ಬೆಳಕು ತೋರಿಸಿ ‘ಎಲ್ಲಿಂದ ಬರುತ್ತಿದೆ?’ ಎಂದು ಕೇಳುವುದು ಇನ್ನೊಂದು ಪರೀಕ್ಷೆ. ತಪ್ಪು ಹೇಳಿದರೆ ತೊಂದರೆ ಪೊರೆಯ ಹಿಂದೆ, ಅಕ್ಷಿಪಟದಲ್ಲೋ ನರದಲ್ಲೋ ಇದೆ. ಪೊರೆ ತೆಗೆದೂ ಫಲ ಕಡಿಮೆ.

ಕಾಯುವ ಈ ಕಷ್ಟವನ್ನು ಕಡಿಮೆ ಮಾಡಿದ ವಿಧಾನ ಹೆಸರಾದದ್ದು ಪಂಜಾಬಿನಲ್ಲಿ. ಜಲಂಧರದ ಕರ್ನಲ್ ಹೆನ್ರಿ ಸ್ಮಿತ್ ಕಣ್ಣನ್ನು ಹೊರಗಿನಿಂದ ಒತ್ತಿ, ಕೋಶ ಸಮೇತ ಇಡೀ ಮಸೂರವನ್ನು ಜಾರಿಸಿ ತೆಗೆಯುತ್ತಿದ್ದ. ಇದನ್ನು ನೋಡಿ ಕಲಿಯಲು ಅಮೆರಿಕದ ವೈದ್ಯರೂ ಅಲ್ಲಿಗೆ ಬಂದರು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ಆದರೆ ಆಸ್ಪತ್ರೆಗಳಿದ್ದದ್ದು ಪಟ್ಟಣಗಳಲ್ಲಿ, ಕುರುಡರಿದ್ದದ್ದು ಹಳ್ಳಿಗಳಲ್ಲಿ. ಈ ದೂರವನ್ನು ತುಂಬಲು ಹೊರಟವರು ಪಂಜಾಬಿನ ಮೋಗಾದ ಡಾ. ಮಥುರಾದಾಸ್, ಮತ್ತು ನಮ್ಮ ಬೀಳಗಿಯ ಡಾ. ಎಂ.ಸಿ. ಮೋದಿ.

ಮುರಿಗೆಪ್ಪ ಚನ್ನವೀರಪ್ಪ ಮೋದಿ (1916–2005) ಅವರ ಶಿಬಿರಗಳನ್ನು ಕಂಡವರು ಇಂದಿಗೂ ಉತ್ತರ ಕರ್ನಾಟಕದಲ್ಲಿದ್ದಾರೆ. ಸಾಲಾಗಿ ಮೇಜುಗಳು, ಮೊದಲೇ ಸಿದ್ಧಗೊಳಿಸಿ ಮಲಗಿಸಿದ ರೋಗಿಗಳು, ಒಬ್ಬರಿಂದ ಇನ್ನೊಬ್ಬರಿಗೆ ಸರಿಯುತ್ತ ಹೋಗುವ ಡಾಕ್ಟರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಎಂದು ಗಿನ್ನೆಸ್ ಪುಸ್ತಕ ದಾಖಲಿಸಿದೆ. ಆ ಸಂಖ್ಯೆ ಬೆರಗು ಹುಟ್ಟಿಸುತ್ತದೆ, ಹುಟ್ಟಿಸಬೇಕು ಕೂಡ; ಅವರಿಲ್ಲದಿದ್ದರೆ ಆ ಜನರಲ್ಲಿ ಬಹುಪಾಲು ಕತ್ತಲಲ್ಲೇ ಸಾಯುತ್ತಿದ್ದರು. ಆದರೆ ಅದು ಶಸ್ತ್ರಚಿಕಿತ್ಸೆಗಳ ಸಂಖ್ಯೆ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ವರ್ಷಗಟ್ಟಲೆ ಅದನ್ನೇ ಗುರಿಯಾಗಿ ಎಣಿಸಿತು.

ಎಣಿಕೆಯಿಂದ ತಪ್ಪಿಸಿಕೊಂಡದ್ದು ಕನ್ನಡಕ. ಮಸೂರವಿಲ್ಲದ ಕಣ್ಣಿಗೆ ಸುಮಾರು ಪ್ಲಸ್ 10 ಶಕ್ತಿಯ ದಪ್ಪ ಗಾಜು ಬೇಕು, ಜನ ಸೋಡಾಬುಡ್ಡಿ ಎನ್ನುವಂಥದ್ದು. ಅದರೊಳಗಿಂದ ವಸ್ತುಗಳು ಕಾಲುಭಾಗಕ್ಕೂ ಹೆಚ್ಚು ದೊಡ್ಡದಾಗಿ, ಹತ್ತಿರದಲ್ಲಿದ್ದಂತೆ ಕಾಣುತ್ತವೆ. ಲೋಟಕ್ಕೆ ಕೈ ಚಾಚಿದರೆ ಲೋಟದ ಈಚೆಯೇ ಕೈ ಮುಚ್ಚುತ್ತದೆ. ಪಕ್ಕದ ನೋಟದಲ್ಲಿ ಉಂಗುರದಂತೆ ಒಂದು ಕುರುಡು ಜಾಗ, ಅಲ್ಲಿಂದ ಎಮ್ಮೆಯೋ ಸೈಕಲ್ಲೋ ಇದ್ದಕ್ಕಿದ್ದಂತೆ ಎದುರಿಗೆ ನುಗ್ಗುತ್ತದೆ. ಒಂದೇ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಇನ್ನೊಂದರಲ್ಲಿ ಅಷ್ಟಿಷ್ಟು ದೃಷ್ಟಿಯಿದ್ದರೆ ಎರಡರ ಚಿತ್ರ ಹೊಂದುವುದೇ ಇಲ್ಲ. ಇಷ್ಟಾಗಿ ಕನ್ನಡಕ ಒಡೆದರೆ ಮುಗಿಯಿತು: ದಾಖಲೆಯಲ್ಲಿ ಯಶಸ್ವಿ ರೋಗಿ, ಜಗುಲಿಯ ಮೇಲೆ ಮತ್ತೆ ಕುರುಡ. 1990ರ ದಶಕದಲ್ಲಿ ಆಂಧ್ರಪ್ರದೇಶದಲ್ಲಿ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯವರು ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯಲ್ಲಿ ಇಂಥವರು ಸಿಕ್ಕರು.

ಪರಿಹಾರ ಆಗಲೇ ಹಳೆಯದಾಗಿತ್ತು. ಯುದ್ಧವಿಮಾನದ ಪ್ಲಾಸ್ಟಿಕ್ ಮುಚ್ಚಳದ ಚೂರು ಕಣ್ಣಿಗೆ ಹೊಕ್ಕ ಪೈಲಟ್‌ಗಳಲ್ಲಿ ಆ ಪ್ಲಾಸ್ಟಿಕ್ ಉರಿಯೂತ ತರದೆ ಉಳಿದದ್ದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ, 1949ರ ನವೆಂಬರ್‌ನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅಂಥದ್ದೇ ವಸ್ತುವಿನ ಕೃತಕ ಮಸೂರವನ್ನು ಕಣ್ಣೊಳಗೆ ಇಟ್ಟಿದ್ದ. ಆದರೆ ಆಮದು ಮಸೂರದ ಬೆಲೆ ನಮ್ಮ ಉಚಿತ ಶಿಬಿರಕ್ಕೆ ನಿಲುಕುವಂತಿರಲಿಲ್ಲ. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಮಧುರೈಯಲ್ಲಿ ಕಟ್ಟಿದ ಅರವಿಂದ ಕಣ್ಣಾಸ್ಪತ್ರೆ 1992ರಲ್ಲಿ ಅರೋಲ್ಯಾಬ್ ಮೂಲಕ ಮಸೂರವನ್ನು ಇಲ್ಲೇ ತಯಾರಿಸತೊಡಗಿತು. ವಿಶ್ವಬ್ಯಾಂಕ್ ನೆರವಿನ ಅಂಧತ್ವ ನಿಯಂತ್ರಣ ಯೋಜನೆ ಅದೇ ದಶಕದಲ್ಲಿ ಬಂತು. ಹೊಲಿಗೆಯಿಲ್ಲದೆ ತಾನಾಗಿ ಮುಚ್ಚಿಕೊಳ್ಳುವ ಸಣ್ಣ ಗಾಯದ ವಿಧಾನ ಹರಡಿತು. ಶಿಬಿರ ಕ್ರಮೇಣ ತಪಾಸಣೆಗೆ ಸೀಮಿತವಾಗಿ, ಶಸ್ತ್ರಚಿಕಿತ್ಸೆ ಶಾಲೆಯ ಕೊಠಡಿಯಿಂದ ಆಸ್ಪತ್ರೆಗೆ ಸರಿಯಿತು. ಮಸೂರವನ್ನು ಅಲ್ಟ್ರಾಸೌಂಡ್‌ನಿಂದ ಒಡೆದು ಹೀರಿ ತೆಗೆಯುವ, ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಆರಂಭಿಸಿದ ಫೇಕೋ ವಿಧಾನ ಇಂದು ಪಟ್ಟಣಗಳಲ್ಲಿ ಮಾಮೂಲು.

ಮಸೂರ ಕೂರಿಸಲು ಆಧಾರ ಬೇಕಾದ್ದರಿಂದ ಕೋಶದ ಹಿಂಭಾಗವನ್ನು ಈಗ ಬೇಕೆಂದೇ ಉಳಿಸುತ್ತಾರೆ. ಕೆಲವರಲ್ಲಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಅದು ಮಬ್ಬಾಗುತ್ತದೆ. ‘ಪೊರೆ ಮತ್ತೆ ಬಂತು, ಆಪರೇಷನ್ ಫೇಲಾಯಿತು’ ಎಂದುಕೊಂಡು ಅವರು ಮನೆಯಲ್ಲೇ ಕೂರುತ್ತಾರೆ. ಯಾಗ್ ಲೇಸರ್‌ನಿಂದ ಕೆಲವೇ ನಿಮಿಷದಲ್ಲಿ, ಕೊಯ್ಯದೆ, ಅದನ್ನು ತೆರೆಯಬಹುದು. ಆದರೆ ಆ ಯಂತ್ರ ಶಿಬಿರದ ಜೀಪಿನಲ್ಲಿ ಬರುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡಿದವರು ವರ್ಷ ಬಿಟ್ಟು ರೋಗಿಯನ್ನು ಹುಡುಕಿಕೊಂಡು ಹೋದರಷ್ಟೇ ಅವನು ಯಂತ್ರದವರೆಗೆ ಬರುತ್ತಾನೆ.