ಫಿಲ್ಮ್ ಸೊಸೈಟಿ ಅಂದ್ರೇನು? ಅಡ್ಯಾರ್‌ನಿಂದ ಹೆಗ್ಗೋಡಿನವರೆಗೆ ಸಿನಿಮಾ ಹಂಚಿಕೊಂಡವರ ಕಥೆ

ಚೆನ್ನೈ: ಒಳ್ಳೆಯ ಸಿನಿಮಾ ನೋಡಿ ಬಂದವರಿಗೆ ಬಾಯಿ ಸುಮ್ಮನಿರುವುದಿಲ್ಲ. "ನೋಡಿದ್ಯಾ? ಇನ್ನೂ ಇಲ್ವಾ? ಮೊದ್ಲು ನೋಡು" ಎಂದು ನಾಲ್ಕು ಜನರಿಗೆ ಹೇಳಿದ ಮೇಲೇ ಸಮಾಧಾನ. ಈಗ ಇಷ್ಟದ ಚಿತ್ರವನ್ನು ಗೆಳೆಯರಿಗೆ ತಲುಪಿಸಲು ವಾಟ್ಸಾಪ್‌ನಲ್ಲಿ ಒಂದು ಲಿಂಕ್ ಸಾಕು. ಅರವತ್ತು ವರ್ಷಗಳ ಹಿಂದೆ ಹಾಗಿರಲಿಲ್ಲ. ರೀಲಿನ ಡಬ್ಬ ತರಿಸಬೇಕು, ಪ್ರೊಜೆಕ್ಟರ್ ಹೊಂದಿಸಬೇಕು, ಹಾಲ್ ಬಾಡಿಗೆಗೆ ಹಿಡಿಯಬೇಕು, ಸರ್ಕಾರದ ಅನುಮತಿಯನ್ನೂ ಪಡೆಯಬೇಕು. ಒಬ್ಬರ ಕೈಲಿ ಆಗದ ಈ ಕೆಲಸಕ್ಕೆ ಹತ್ತಾರು ಜನ ಚಂದಾ ಹಾಕಿ ಕಟ್ಟಿಕೊಂಡ ಕೂಟವೇ ಫಿಲ್ಮ್ ಸೊಸೈಟಿ, ಕನ್ನಡದಲ್ಲಿ ಚಿತ್ರ ಸಮಾಜ.

ಈ ಕಥೆಯನ್ನು ಅಡ್ಯಾರ್‌ನಿಂದ ಶುರು ಮಾಡಲು ಕಾರಣವಿದೆ. (ಕರಾವಳಿಯ ಓದುಗರು ಗಮನಿಸಿ, ಇದು ಮಂಗಳೂರಿನ ಅಡ್ಯಾರ್ ಅಲ್ಲ, ಚೆನ್ನೈನದ್ದು.)

ಅಡ್ಯಾರ್‌ಗೂ ಸಿನಿಮಾಕ್ಕೂ ಏನು ನಂಟು?

ಥಿಯಾಸಾಫಿಕಲ್ ಸೊಸೈಟಿಯ ದೊಡ್ಡ ಆಲದ ಮರಕ್ಕೆ ಹೆಸರಾದ ಅಡ್ಯಾರ್‌ನ ಸುತ್ತಮುತ್ತ ಸಿನಿಮಾದ ಗುರುತುಗಳು ಬೇಕಾದಷ್ಟಿವೆ. ಎಂಜಿಆರ್ ಅವರ ಸತ್ಯಾ ಸ್ಟುಡಿಯೋ ಇಲ್ಲೇ ಇತ್ತು. ಈಗ ಆ ಜಾಗದಲ್ಲಿ ಎಂಜಿಆರ್-ಜಾನಕಿ ಮಹಿಳಾ ಕಾಲೇಜು ಇದೆ. ಪಕ್ಕದ ತರಮಣಿಯಲ್ಲಿರುವ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಬೇರು 1945ರಷ್ಟು ಹಳೆಯದು. ಇಂದು ಎಂಜಿಆರ್ ಹೆಸರಿನಲ್ಲಿರುವ ಈ ಸಂಸ್ಥೆಯನ್ನು ಸಿನಿಮಾ ಮಂದಿ ಈಗಲೂ 'ಅಡ್ಯಾರ್ ಫಿಲ್ಮ್ ಇನ್‌ಸ್ಟಿಟ್ಯೂಟ್' ಎಂದೇ ಕರೆಯುತ್ತಾರೆ. 'ಆನಂದ್' (1986) ಚಿತ್ರಕ್ಕೆ ಮೊದಲು ಶಿವರಾಜ್‌ಕುಮಾರ್ ನಟನೆಯ ಪಾಠ ಕಲಿತದ್ದು ಇಲ್ಲಿಯೇ. ಅಂದಹಾಗೆ, ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ರಜನಿಕಾಂತ್ 1973ರಲ್ಲಿ ಸೇರಿದ್ದು ಫಿಲ್ಮ್ ಚೇಂಬರ್ ನಡೆಸುತ್ತಿದ್ದ ತರಬೇತಿ ಶಾಲೆಗೆ. ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ.

ಅಡ್ಯಾರ್‌ಗೆ ಅಂಟಿಕೊಂಡಿರುವ ಐಐಟಿ ಮದ್ರಾಸ್ ಆವರಣದ ಬಯಲು ರಂಗಮಂದಿರದಲ್ಲಿ ಶನಿವಾರ ರಾತ್ರಿ ಸಿನಿಮಾ ತೋರಿಸುವ ಪದ್ಧತಿ ಹಳೆಯದು. ಅಲ್ಲಿ ಓದಿದ ತಲೆಮಾರುಗಳು ಪಾಠಕ್ಕಿಂತ ಹೆಚ್ಚಾಗಿ ನೆನೆಯುವುದು ಆಕಾಶದ ಕೆಳಗೆ ಶಿಳ್ಳೆ ಹೊಡೆಯುತ್ತಾ ನೋಡಿದ ಆ ಚಿತ್ರಗಳನ್ನು. ಅದನ್ನು ಫಿಲ್ಮ್ ಸೊಸೈಟಿ ಎನ್ನಲಾಗದು, ಆದರೆ ಒಟ್ಟಾಗಿ ನೋಡುವ ಸುಖ ಅದೇ.

ಲಂಡನ್, ಕಲ್ಕತ್ತಾ, ಮದ್ರಾಸ್

ಲಂಡನ್ನಿನಲ್ಲಿ ಫಿಲ್ಮ್ ಸೊಸೈಟಿ ಆರಂಭವಾದದ್ದು 1925ರಲ್ಲಿ. ಭಾರತದಲ್ಲಿ ಈ ಚಳವಳಿಗೆ ಜೀವ ಬಂದದ್ದು 1947ರ ಅಕ್ಟೋಬರ್‌ನಲ್ಲಿ, ಸತ್ಯಜಿತ್ ರೇ, ಚಿದಾನಂದ ದಾಸ್‌ಗುಪ್ತ ಮತ್ತು ಗೆಳೆಯರು ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದಾಗ. ಅವರು ತೋರಿಸಿದ ಮೊದಲ ಚಿತ್ರ ರಷ್ಯಾದ 'ಬ್ಯಾಟಲ್‌ಶಿಪ್ ಪೊಟೆಂಕಿನ್'. ರೇ ಆಗ ಇನ್ನೂ ಜಾಹೀರಾತು ಕಂಪನಿಯೊಂದರ ಕಲಾವಿದ. 'ಪಥೇರ್ ಪಾಂಚಾಲಿ' ತೆರೆಗೆ ಬರಲು ಎಂಟು ವರ್ಷ ಬಾಕಿ ಇತ್ತು.

1952ರಲ್ಲಿ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ ಬೊಂಬಾಯಿಯಲ್ಲಿ ಆರಂಭವಾಗಿ ಮದ್ರಾಸಿಗೂ ಬಂತು. 'ಬೈಸಿಕಲ್ ಥೀವ್ಸ್', 'ರಶೋಮನ್' ಮುಂತಾದ ಚಿತ್ರಗಳು ಇಲ್ಲಿನವರ ಕಣ್ಣಿಗೆ ಬಿದ್ದದ್ದು ಆಗ. ಒಬ್ಬರು ನೋಡಿದ ಸಿನಿಮಾ ಇನ್ನೊಂದು ಸಿನಿಮಾ ಆಗುವುದು ಹೇಗೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಎಸ್. ಬಾಲಚಂದರ್. ವೀಣೆಯ ವಿದ್ವಾಂಸರೆಂದೇ ಹೆಚ್ಚು ಹೆಸರಾದ ಇವರು ಚಿತ್ರೋತ್ಸವದಲ್ಲಿ ಕುರೊಸಾವಾ ಅವರ 'ರಶೋಮನ್' ನೋಡಿ ಅದೇ ರೀತಿಯಲ್ಲಿ ನಾಟಕವೊಂದನ್ನು ಬರೆದರು. ಆಕಾಶವಾಣಿ ಅದನ್ನು ಒಪ್ಪಲಿಲ್ಲ. ಆದರೆ ಎವಿಎಂ ಸಂಸ್ಥೆ ಒಪ್ಪಿತು. 1954ರಲ್ಲಿ ಬಂದ 'ಅಂದ ನಾಳ್' ಹಾಡುಗಳೇ ಇಲ್ಲದ ಮೊದಲ ತಮಿಳು ಚಿತ್ರ. ಜಪಾನಿನ ಬಾಂಬ್ ಭೀತಿಯಲ್ಲಿದ್ದ ಮದ್ರಾಸಿನಲ್ಲಿ ನಡೆದ ಒಂದು ಕೊಲೆ, ಅದರ ಬಗ್ಗೆ ಒಬ್ಬೊಬ್ಬರದು ಒಂದೊಂದು ಕಥೆ. ನಾಯಕನಾಗಿದ್ದವರು ಶಿವಾಜಿ ಗಣೇಶನ್.

ಮದ್ರಾಸ್ ಫಿಲ್ಮ್ ಸೊಸೈಟಿ ಹುಟ್ಟಿದ್ದು 1957ರಲ್ಲಿ. ಅದನ್ನು ಕಟ್ಟಿದವರು ಅಮ್ಮು ಸ್ವಾಮಿನಾಥನ್. ಸಂವಿಧಾನ ರಚನಾ ಸಭೆಯ ಸದಸ್ಯೆಯಾಗಿದ್ದ ಇವರು ಕ್ಯಾಪ್ಟನ್ ಲಕ್ಷ್ಮಿ ಮತ್ತು ನೃತ್ಯ ಕಲಾವಿದೆ ಮೃಣಾಲಿನಿ ಸಾರಾಭಾಯಿ ಅವರ ತಾಯಿ. 1959ರ ಡಿಸೆಂಬರ್‌ನಲ್ಲಿ ಫಿಲ್ಮ್ ಸೊಸೈಟಿಗಳ ರಾಷ್ಟ್ರೀಯ ಒಕ್ಕೂಟ ರಚನೆಯಾದಾಗ ಮದ್ರಾಸ್ ಕೂಡ ಸ್ಥಾಪಕ ಸದಸ್ಯ. ರೇ ಅಧ್ಯಕ್ಷರಾದರು, ಅಮ್ಮು ಉಪಾಧ್ಯಕ್ಷರಾದರು.

ಒಕ್ಕೂಟದಿಂದ ಆದ ದೊಡ್ಡ ಲಾಭ ಎರಡು. ವಿದೇಶಿ ರಾಯಭಾರ ಕಚೇರಿಗಳಿಂದ ಬಂದ ಪ್ರಿಂಟ್ ಊರಿಂದೂರಿಗೆ ಸುತ್ತುವ ವ್ಯವಸ್ಥೆ ಆಯಿತು. ಸದಸ್ಯರಿಗೆ ಮಾತ್ರ ತೋರಿಸುವ ವಿದೇಶಿ ಚಿತ್ರಗಳಿಗೆ ಷರತ್ತಿನ ಮೇಲೆ ಸೆನ್ಸಾರ್ ವಿನಾಯಿತಿಯೂ ಸಿಕ್ಕಿತು. ಈ ಎರಡನೆಯ ಸೌಲಭ್ಯದ ಆಸೆಗೇ ಸದಸ್ಯರಾದವರು ಎಲ್ಲ ಊರುಗಳಲ್ಲೂ ಇದ್ದರು. ಕತ್ತರಿ ಬೀಳದ ದೃಶ್ಯ ಇರಬಹುದೆಂದು ಬಂದು, ಬರ್ಗ್‌ಮನ್ ಚಿತ್ರದ ಮೌನಕ್ಕೆ ಸಿಕ್ಕಿಬಿದ್ದು, ಮಧ್ಯದಲ್ಲಿ ಎದ್ದು ಹೋದವರ ಬಗೆಗಿನ ತಮಾಷೆಗಳು ಸೊಸೈಟಿಗಳ ಹಳಬರ ಬಳಿ ಇಂದಿಗೂ ಸಿಗುತ್ತವೆ.

ಮದ್ರಾಸಿನ ಗೆಳೆಯರ ಕನ್ನಡ ಸಿನಿಮಾ

ಕನ್ನಡಿಗರಿಗೆ ಈ ಕಥೆಯಲ್ಲಿ ಮುಖ್ಯವಾಗುವುದು 'ಸಂಸ್ಕಾರ'. ಗಿರೀಶ್ ಕಾರ್ನಾಡ್ 1963ರಿಂದ 1970ರವರೆಗೆ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ಕೆಲಸಕ್ಕಿದ್ದರು. ಸಂಜೆಯಾದರೆ ಮದ್ರಾಸ್ ಪ್ಲೇಯರ್ಸ್ ಎಂಬ ಹವ್ಯಾಸಿ ನಾಟಕ ತಂಡ. ಆ ತಂಡದ ಸ್ಥಾಪಕರಲ್ಲಿ ಒಬ್ಬರಾದ ಸ್ನೇಹಲತಾ ರೆಡ್ಡಿ, ಅವರ ಪತಿ, ತೆಲುಗು ಕವಿ ಹಾಗೂ ನಿರ್ಮಾಪಕ ಪಟ್ಟಾಭಿರಾಮ ರೆಡ್ಡಿ ಇದೇ ಬಳಗದವರು. ಅಡ್ಯಾರ್ ದಾಟಿ ಕಡಲ ದಾರಿಯಲ್ಲಿ ಸಾಗಿದರೆ ಸಿಗುವ ಚೋಳಮಂಡಲ ಕಲಾಗ್ರಾಮದಲ್ಲಿ ಮೈಸೂರಿನ ಕಲಾವಿದ ಎಸ್.ಜಿ. ವಾಸುದೇವ್ ಇದ್ದರು. ಯು.ಆರ್. ಅನಂತಮೂರ್ತಿ ಅವರ ಕಾದಂಬರಿ ಈ ಗೆಳೆಯರ ಕೈಯಲ್ಲಿ ಸಿನಿಮಾ ಆಯಿತು. ಪಟ್ಟಾಭಿ ನಿರ್ದೇಶನ, ಕಾರ್ನಾಡರ ಚಿತ್ರಕಥೆ, ವಾಸುದೇವ್ ಕಲಾ ನಿರ್ದೇಶನ, ಆಸ್ಟ್ರೇಲಿಯಾದ ಟಾಮ್ ಕೋವನ್ ಕ್ಯಾಮೆರಾ. ಪ್ರಾಣೇಶಾಚಾರ್ಯನಾಗಿ ಕಾರ್ನಾಡ್, ಚಂದ್ರಿಯಾಗಿ ಸ್ನೇಹಲತಾ, ನಾರಣಪ್ಪನಾಗಿ ಪಿ. ಲಂಕೇಶ್. ನಿರ್ಮಾಣದಲ್ಲಿ ದುಡಿದ ಸಿಂಗೀತಂ ಶ್ರೀನಿವಾಸ ರಾವ್ ಅವರೇ ಮುಂದೆ ಶಿವರಾಜ್‌ಕುಮಾರ್ ಅವರ 'ಆನಂದ್' ನಿರ್ದೇಶಿಸಿದ್ದು.

ಚಿತ್ರ ಮುಗಿದ ಮೇಲೆ ಮದ್ರಾಸಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ಕೊಡಲು ನಿರಾಕರಿಸಿತು. ಜಾತಿಯನ್ನು ಪ್ರಶ್ನಿಸುವ ಚಿತ್ರದಿಂದ ಗಲಾಟೆ ಆದೀತು ಎಂಬ ಆತಂಕ. ಕೇಂದ್ರದ ಮಟ್ಟದಲ್ಲಿ ಅನುಮತಿ ಸಿಕ್ಕ ನಂತರವೇ ಜನ ನೋಡಿದ್ದು. 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಸ್ನೇಹಲತಾ ಅವರನ್ನು ತುರ್ತು ಪರಿಸ್ಥಿತಿಯಲ್ಲಿ ಬಂಧಿಸಲಾಯಿತು. ಜೈಲಿನಲ್ಲಿ ಆರೋಗ್ಯ ಕೆಟ್ಟು, ಬಿಡುಗಡೆಯಾದ ಬೆನ್ನಿಗೆ 1977ರ ಜನವರಿಯಲ್ಲಿ ಅವರು ತೀರಿಕೊಂಡರು. ಕನ್ನಡದ ಹೊಸ ಅಲೆ ಎಂದಾಗ ನಮ್ಮಲ್ಲಿ ಬೆಂಗಳೂರು, ಧಾರವಾಡ, ಮಲೆನಾಡಿನ ಹೆಸರು ಬರುತ್ತದೆ. ಮದ್ರಾಸಿನ ಪಾಲನ್ನು ಮರೆಯುವುದೇ ಹೆಚ್ಚು.

ಹೆಗ್ಗೋಡಿನಲ್ಲಿ 'ಬೈಸಿಕಲ್ ಥೀವ್ಸ್'

ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಲ್ಲಿ ಆರಂಭವಾಯಿತು. ಬನಶಂಕರಿ ಎರಡನೇ ಹಂತದಲ್ಲಿ ಸ್ವಂತ ಕಟ್ಟಡ ಕಟ್ಟಿಕೊಂಡ ಕೆಲವೇ ಸೊಸೈಟಿಗಳಲ್ಲಿ ಇದೂ ಒಂದು. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಚಾಲನೆ ಸಿಕ್ಕಿದ್ದೂ ಈ ಬಳಗದಿಂದಲೇ, 2006ರಲ್ಲಿ.

ಆದರೆ ನಗರದ ಓದಿದವರಿಗೆ ವಿದೇಶಿ ಸಿನಿಮಾ ತೋರಿಸುವುದು ಒಂದು, ಅಡಿಕೆ ತೋಟದ ಊರಿನಲ್ಲಿ ತೋರಿಸುವುದು ಇನ್ನೊಂದು. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ 1973ರಲ್ಲಿ ನೀನಾಸಂ ಚಿತ್ರ ಸಮಾಜ ಆರಂಭಿಸಿದರು. ಇಂಗ್ಲಿಷ್ ಬಾರದ, ಸಬ್‌ಟೈಟಲ್ ಓದಲಾಗದ ಹಳ್ಳಿಯವರಿಗೆ ಇಟಲಿ, ಜಪಾನಿನ ಚಿತ್ರ ಏನು ಅರ್ಥವಾದೀತು ಎಂದು ಅನುಮಾನಿಸಿದವರಿದ್ದರು. 1977ರ ಚಿತ್ರೋತ್ಸವ ಅದಕ್ಕೆ ಉತ್ತರ ಕೊಟ್ಟಿತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರ್ ಇದರ ಬೆನ್ನಿಗೆ ನಿಂತವರು. ಕೆಲಸಕ್ಕಾಗಿ ಅಲೆಯುವ ಅಪ್ಪ, ಕಳುವಾದ ಸೈಕಲ್, ಜೊತೆಗೊಬ್ಬ ಮಗ. ಇದಕ್ಕೆ ಅನುವಾದ ಎಷ್ಟು ಬೇಕು? ನಾಯರ್ ಕುರಿತ 'ಸೆಲ್ಯುಲಾಯ್ಡ್ ಮ್ಯಾನ್' (2012) ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಜನ ದಶಕಗಳ ನಂತರವೂ ಆ ಚಿತ್ರಗಳನ್ನು ನೆನೆಸಿಕೊಂಡು ಮಾತಾಡುವುದನ್ನು ನೋಡಬಹುದು.

ಪ್ರಿಂಟ್ ಉಳಿಸಿಕೊಳ್ಳುವ ನಾಯರ್ ಅವರಂಥವರು ತಡವಾಗಿ ಬಂದದ್ದರ ನಷ್ಟ ಕನ್ನಡಕ್ಕೆ ಚೆನ್ನಾಗಿ ಗೊತ್ತು. 1934ರ 'ಸತಿ ಸುಲೋಚನಾ' ಕನ್ನಡದ ಮೊದಲ ವಾಕ್ಚಿತ್ರ. ಅದರ ಒಂದು ಪ್ರತಿಯೂ ಉಳಿದಿಲ್ಲ. ಇಷ್ಟಪಟ್ಟವರು ಇನ್ನೊಬ್ಬರಿಗೆ ತೋರಿಸೋಣವೆಂದರೆ ತೋರಿಸಲು ಏನೂ ಇಲ್ಲ.

ಟಿವಿ ಬಂತು, ಕುರ್ಚಿ ಖಾಲಿಯಾಯಿತು

1980ರ ದಶಕದಲ್ಲಿ ವಿಡಿಯೊ ಕ್ಯಾಸೆಟ್, ದೂರದರ್ಶನದ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರ, ಆಮೇಲೆ ಡಿವಿಡಿ, ಈಗ ಒಟಿಟಿ. ಅಪರೂಪದ ಪ್ರಿಂಟ್ ತರಿಸುವುದೇ ಸೊಸೈಟಿಯ ಶಕ್ತಿಯಾಗಿತ್ತು. ಚಿತ್ರ ಎಲ್ಲರ ಮನೆಯಲ್ಲೂ ಸಿಗುವಂತಾದಾಗ ಎಷ್ಟೋ ಸೊಸೈಟಿಗಳು ಬಾಗಿಲು ಹಾಕಿದವು. ಉಳಿದದ್ದು ಸಿನಿಮಾ ಮುಗಿದ ಮೇಲಿನ ಅರ್ಧ ಗಂಟೆಯ ಮಾತು. ಆ ಮಾತಿಗಾಗಿ ಈಗಲೂ ಜನ ಬರುತ್ತಾರೆ. ಚೆನ್ನೈ ಅಂತರರಾಷ್ಟ್ರೀಯ ಚಿತ್ರೋತ್ಸವ 2003ರಿಂದ ನಡೆಯುತ್ತಿದ್ದು, ಅಲ್ಲಿನ ಸರತಿ ಸಾಲಿನಲ್ಲಿ ನಿಂತವರ ಚರ್ಚೆ ಕೆಲವೊಮ್ಮೆ ಒಳಗಿನ ಸಿನಿಮಾಕ್ಕಿಂತ ಸ್ವಾರಸ್ಯವಾಗಿರುತ್ತದೆ.

ಇಷ್ಟದ ಚಿತ್ರಗಳ ಪಟ್ಟಿ ಮಾಡುವ ಹುಚ್ಚು ದೊಡ್ಡವರಿಗೂ ಇದೆ. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತದೆ. ಮೊದಲ ಬಾರಿ 'ಬೈಸಿಕಲ್ ಥೀವ್ಸ್' ಗೆದ್ದಿತು. ಬಳಿಕ ಐದು ಸಲ 'ಸಿಟಿಜನ್ ಕೇನ್', 2012ರಲ್ಲಿ 'ವರ್ಟಿಗೋ', 2022ರಲ್ಲಿ ಷಾಂತಾಲ್ ಅಕರ್ಮನ್ ಅವರ 'ಜಾನ್ ಡೀಲ್ಮನ್'. ಕೊನೆಯ ಪಟ್ಟಿಯಲ್ಲಿ 'ಪಥೇರ್ ಪಾಂಚಾಲಿ' 35ನೇ ಸ್ಥಾನದಲ್ಲಿದೆ.

ನೀವೂ ಶುರು ಮಾಡಬಹುದಾ?

ಖಂಡಿತ. ಹತ್ತು ಜನ, ಒಂದು ಪ್ರೊಜೆಕ್ಟರ್, ಬಿಳಿ ಗೋಡೆ ಇದ್ದರೆ ಸಾಕು. ಚಿತ್ರ ಆರಿಸುವಾಗ ಪ್ರಕಾರ ಹಿಡಿದು ಹೊರಟರೆ ಸುಲಭ, ಯಾಕೆಂದರೆ ಆಗ ಹೋಲಿಸಿ ಮಾತಾಡಲು ಏನಾದರೂ ಇರುತ್ತದೆ. ಪತ್ತೇದಾರಿ ಚಿತ್ರ ಇಷ್ಟವಾದವರು ಡಾ. ರಾಜ್‌ಕುಮಾರ್ ಸಿಐಡಿ 999 ಆದ 'ಜೇಡರ ಬಲೆ'ಯನ್ನು (1968) ಅದೇ ಕಾಲದ ಬಾಂಡ್ ಚಿತ್ರದ ಜೊತೆ ನೋಡಬಹುದು. ಒಂದೇ ಘಟನೆ, ಹಲವು ಬಾಯಿ ಎಂಬ ಬಗೆಗೆ 'ರಶೋಮನ್', 'ಅಂದ ನಾಳ್', ರಕ್ಷಿತ್ ಶೆಟ್ಟಿ ಅವರ 'ಉಳಿದವರು ಕಂಡಂತೆ' (2014) ಮೂರು ವಾರಕ್ಕೆ ಆಗುತ್ತದೆ. ಕನ್ನಡ-ತಮಿಳು ಮಿಶ್ರ ಬಳಗಕ್ಕಂತೂ ಇದಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ.

ಪರಿಚಯದ ಮಾತು ಐದು ನಿಮಿಷ ಮೀರದಿರಲಿ. ಕಥೆ ಬಿಟ್ಟುಕೊಡಬೇಡಿ. ಮುಗಿದ ತಕ್ಷಣ "ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು" ಎಂಬ ಉತ್ತರ ಬಿಟ್ಟು ಬೇರೇನೂ ಬರುವುದಿಲ್ಲ. ಯಾವ ದೃಶ್ಯ ನೆನಪಲ್ಲಿ ಉಳಿಯಿತು ಎಂದು ಕೇಳಿ ನೋಡಿ. "ನನಗೆ ಹಿಡಿಸಲಿಲ್ಲ" ಎನ್ನುವವರಿಗೆ ಮೊದಲು ಮಾತಾಡಲು ಬಿಡಿ, ಚರ್ಚೆ ತಾನಾಗಿ ಕಾವೇರುತ್ತದೆ.

ಒಂದು ಎಚ್ಚರಿಕೆ: ಒಟಿಟಿ ಚಂದಾ ಮನೆಯ ಬಳಕೆಗೆ ಮಾತ್ರ. ಹಾಲ್‌ನಲ್ಲಿ ಸಾರ್ವಜನಿಕರಿಗೆ, ಅದರಲ್ಲೂ ಟಿಕೆಟ್ ಇಟ್ಟು ತೋರಿಸುವುದಾದರೆ ಚಿತ್ರದ ಹಕ್ಕು ಹೊಂದಿರುವವರ ಅನುಮತಿ ಬೇಕು. ಹೊಸ ನಿರ್ದೇಶಕರನ್ನು ನೇರವಾಗಿ ಕೇಳಿದರೆ ಅನೇಕರು ಒಪ್ಪುತ್ತಾರೆ, ಚರ್ಚೆಗೆ ತಾವೇ ಬರುವುದೂ ಉಂಟು.

ಚೆನ್ನೈನಂಥ ಊರಿನಲ್ಲಿ ಕನ್ನಡ ಚಿತ್ರ ಆರಿಸಿದರೆ ಸಬ್‌ಟೈಟಲ್ ಇದೆಯೇ, ಅದು ಆ ಪ್ರತಿಗೆ ಸರಿಯಾಗಿ ಕೂರುತ್ತದೆಯೇ ಎಂದು ಹಿಂದಿನ ದಿನವೇ ಹಾಕಿ ನೋಡಿಬಿಡಿ. ಮಾತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಓಡಿದರೆ ಮೊದಲ ಸಲ ಬಂದ ತಮಿಳು ಗೆಳೆಯರು ಎರಡನೇ ಸಲ ಬರುವುದಿಲ್ಲ.