ಸೋವು: ಹಕ್ಕಿ ಓಡಿಸೋ ವಿದ್ಯೆಯ ಹಳೇ ಕತೆ

ಹಳಗನ್ನಡದಲ್ಲಿ ‘ಸೋವು’ ಅಂತ ಒಂದು ಪದ ಇದೆ. ಓಡಿಸು, ಅಟ್ಟು ಅಂತ ಅರ್ಥ. ಗದ್ದೆಯಲ್ಲಿ ಗಿಳಿ ಸೋವುವ ಹೆಣ್ಣುಮಕ್ಕಳು ನಮ್ಮ ಹಳೆಯ ಕಾವ್ಯಗಳ ವರ್ಣನೆಗಳಲ್ಲಿ ಬರ್ತಾರೆ. ಹಕ್ಕಿ ಹೋಗಬೇಕು, ಸಾಯಬೇಕಿಲ್ಲ. ಆ ಪದದಲ್ಲಿ ಇರೋದು ಅಷ್ಟೇ.

ಈ ಪದ ನನಗೆ ಬೇಕಾಗಿದ್ದು ವಿಜಯವಾಡದ ಭವಾನಿಪುರಂನಲ್ಲಿ. ಆಲಮಟ್ಟಿ ದಾಟಿ ಬಂದ ನಮ್ಮ ಕೃಷ್ಣೆ ಪ್ರಕಾಶಂ ಬ್ಯಾರೇಜ್ ತಲುಪೋ ಮುಂಚೆ ಈ ಬಡಾವಣೆಯ ಪಕ್ಕ ಹರೀತಾಳೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಾರಿವಾಳದ ಜಗಳ. ಒಬ್ಬರು ಪುಣ್ಯ ಅಂತ ತಾರಸಿ ಮೇಲೆ ಕಾಳು ಚೆಲ್ತಾರೆ. ಕೆಳಗಿನ ಮನೆಯ ಅಜ್ಜಿಗೆ ಉಬ್ಬಸ. ಒಣಗಿದ ಹಿಕ್ಕೆ, ಗರಿಯ ದೂಳು ವರ್ಷಗಟ್ಟಲೆ ಒಳಗೆ ಹೋದರೆ ಕೆಲವರ ಶ್ವಾಸಕೋಶಕ್ಕೆ ಶಾಶ್ವತ ಹಾನಿಯಾಗಬಹುದು. ಕಳೆದ ಸಭೆಯಲ್ಲಿ ಒಬ್ಬರು, ‘ಕಾಳಿಗೆ ವಿಷ ಬೆರೆಸಿ ಮುಗಿಸಿಬಿಡೋಣ’ ಅಂದರು.

ಕೊಂದರೆ ಮುಗಿಯುತ್ತಾ? ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ ಇದನ್ನು ಮಾಡಿ ನೋಡಿದೆ. 1961ರಿಂದ 1985ರವರೆಗೆ ಸುಮಾರು 1 ಲಕ್ಷ ಪಾರಿವಾಳ ಕೊಂದರು. ಸಂಖ್ಯೆ ಸುಮಾರು 20,000ದಲ್ಲೇ ನಿಂತಿತ್ತು. ಊಟ ಇರೋವರೆಗೂ ಖಾಲಿ ಜಾಗ ಹೊಸ ಹಕ್ಕಿಗಳಿಂದ ತುಂಬ್ತಾನೇ ಇತ್ತು. 1988ರಲ್ಲಿ ದಾರಿ ಬದಲಿಸಿದರು. ಕಾಳು ಹಾಕಬೇಡಿ ಅಂತ ಜನರಿಗೆ ತಿಳಿಹೇಳಿದರು, ಗೂಡುಮನೆ ಕಟ್ಟಿಸಿ ಅಲ್ಲಿಂದ ಮೊಟ್ಟೆ ತೆಗೆದರು. ನಾಲ್ಕು ವರ್ಷದಲ್ಲಿ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳೀತು. ಮುಂಬೈನಲ್ಲಿ 2025ರಲ್ಲಿ ಕಬೂತರ್‌ಖಾನೆಗಳನ್ನು ಮುಚ್ಚಲು ಹೊರಟಾಗ ಎದ್ದ ಗಲಾಟೆ ನೆನಪಿದೆಯಲ್ಲ? ಅಲ್ಲೂ ಪ್ರಶ್ನೆ ಕಾಳಿನದೇ.

ಊಟ ಆಯ್ತು, ಇನ್ನು ಜಾಗ. ಪಾರಿವಾಳ ಮೂಲತಃ ಬಂಡೆಯ ಹಕ್ಕಿ. ಕಡಿದಾದ ಕಲ್ಲಿನ ಅಂಚು, ಸಂದು ಅದರ ಮನೆ. ನದಿಯಾಚೆ ಉಂಡವಲ್ಲಿಯಲ್ಲಿ ಬೆಟ್ಟ ಕೊರೆದು ಮಾಡಿದ ಗುಹಾಲಯ ನೋಡಿದರೆ ಅರ್ಥ ಆಗುತ್ತೆ: ಕಲ್ಲಿನ ಮೇಲೆ ನೆರಳಿನ ಮಟ್ಟಸ ಅಂಚುಗಳು. ನಮ್ಮ ಸಜ್ಜಾ, ಎಸಿ ಪೆಟ್ಟಿಗೆಯ ಹಿಂದಿನ ಸಂದು ಕೂಡ ಅದೇ ತಾನೇ? ಬಂಡೆ ಕಟ್ಟಿದವರು ನಾವು, ಬಾಡಿಗೆಗೆ ಬಂದಿದ್ದು ಅವು.

ಹಾಗಾದರೆ ಸೋವೋದು ಹೇಗೆ? ನಮ್ಮ ಕಡೆ ಜೋಳ ಹಾಲುಗಾಳಾದಾಗ ‘ಹಕ್ಕಿ ಕಾಯೋದು’ ಅಂತ ಒಂದು ಕೆಲಸವೇ ಇತ್ತು. ಹೊಲದ ನಡುವೆ ಅಟ್ಟಣಿಗೆ, ಕೈಯಲ್ಲಿ ಕವಣೆ. ತೆಲುಗರು ಅದನ್ನೇ ವಡಿಸೆಲ ಅಂತಾರೆ. ಕಲ್ಲು ತಾಗಲೇಬೇಕು ಅಂತಿಲ್ಲ, ಬೀಸಿದ ಸದ್ದಿಗೇ ಹಿಂಡು ಏಳುತ್ತೆ. ಬೆದರುಬೊಂಬೆಯನ್ನು ಒಂದೇ ಕಡೆ ಬಿಟ್ಟರೆ ಕಾಗೆ ಅದರ ತಲೆ ಮೇಲೇ ಕೂರುತ್ತೆ ಅಂತಲೂ ರೈತರಿಗೆ ಗೊತ್ತಿತ್ತು. ಬಾಲ್ಕನಿಯ ಪ್ಲಾಸ್ಟಿಕ್ ಗೂಬೆ, ಹಳೇ ಸಿಡಿ ಕೆಲವೇ ದಿನದಲ್ಲಿ ಸೋಲೋದು ಇದಕ್ಕೇ. ಹೆದರಿಕೆ ಹಳತಾಗುತ್ತೆ, ತಡೆ ಹಳತಾಗಲ್ಲ.

ಅದಕ್ಕೆ ನಾನು ಸಭೆಯ ಮುಂದಿಟ್ಟಿದ್ದು ಮೂರು ಮಾತು. ಕಾಳು ಹಾಕೋದು ನಿಲ್ಲಲಿ. ಸಜ್ಜಾಕ್ಕೆ ಕಡಿದಾದ ಇಳಿಜಾರು ಹಲಗೆ, ಸಂದುಗಳಿಗೆ 50 ಮಿಲಿಮೀಟರ್ ಕಣ್ಣಿನ ಬಲೆ. ಬಲೆ ಬಿಗಿಯಾಗಿರಲಿ, ಜೋಲು ಬಿದ್ದರೆ ಹಕ್ಕಿ ಸಿಕ್ಕಿಕೊಂಡು ಸಾಯುತ್ತೆ. ಮೂರನೆಯದು, ಕಟ್ಟೋ ಮುಂಚೆ ಗೂಡು ನೋಡಿ. ಮೊಟ್ಟೆ ಒಡೆಯೋಕೆ ಸುಮಾರು 18 ದಿನ, ಮರಿ ಹಾರೋಕೆ ಮತ್ತೆ ನಾಲ್ಕೈದು ವಾರ. ಅಷ್ಟು ಕಾದು, ಆಮೇಲೆ ಹಿಕ್ಕೆಗೆ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ತೆಗೀರಿ. ಒಣದು ಗುಡಿಸಬೇಡಿ.

ಕಾಳು ಹಾಕೋರಿಗೆ ಸಿಟ್ಟು ಬಂತು, ಅಜ್ಜಿ ಮನೆಯವರಿಗೆ ತಡ ಅನ್ನಿಸ್ತು. ಆದರೆ ವಿಷದ ಮಾತು ಅಲ್ಲಿಗೇ ನಿಂತಿತು.

ನಿಮ್ಮೂರಲ್ಲಿ ಹಕ್ಕಿ ಕಾಯೋಕೆ ಏನು ಮಾಡ್ತಿದ್ರು, ಅದಕ್ಕೆ ಏನಂತಿದ್ರು? ಬರೆದು ತಿಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ.